ಕೊನೆಯಿಲ್ಲದ ಕಥೆಯಲ್ಲಿ ನಾಯಕರು ನಿಲ್ಲುವುದಿಲ್ಲ

‘ಇವ್ನಲ್ಲ ಕನವ್ವಾ, ಮೊದಲ್ನೋನೇ ಚೆಂದಾಗಿದ್ದ.’ ಮಾದಪ್ಪನ ಬೆಟ್ಟದ ಕೆಳಗಿನ ಪಾಲಾರ್‌ನಿಂದ ಹನೂರು, ಕೊಳ್ಳೇಗಾಲ, ಯಳಂದೂರಿನವರೆಗೆ ಧಾರಾವಾಹಿ ನೋಡುವ ಮನೆಗಳಿಗೆ, ನಾಯಕ ಬದಲಾದಾಗಿನ ಈ ಮಾತು ಹೊಸದಲ್ಲ. ಇದನ್ನು ಮನೆಮಂದಿಯ ಗೊಣಗಾಟ ಎಂದು ವಾಹಿನಿಗಳು ತಳ್ಳಿಹಾಕಬಾರದು. ನೋಡುಗರ ಕೈಬಿಟ್ಟುಹೋಗುತ್ತಿರುವ ನಂಬಿಕೆ ಅದರಲ್ಲಿದೆ.

2013ರಲ್ಲಿ ಶುರುವಾದ ‘ಲಕ್ಷ್ಮೀ ಬಾರಮ್ಮ’ದಲ್ಲಿ ಚಂದನ್ ಕುಮಾರ್ ಹೋಗಿ ಶೈನ್ ಶೆಟ್ಟಿ ಬಂದರು, ಕವಿತಾ ಗೌಡ ಹೋಗಿ ರಶ್ಮಿ ಪ್ರಭಾಕರ್ ಬಂದರು. ‘ಜೊತೆ ಜೊತೆಯಲಿ’ಯ ನಾಯಕಿ ಮೇಘಾ ಶೆಟ್ಟಿ 2021ರಲ್ಲಿ ಹೊರಡುವ ಮಾತಾಡಿ ಮತ್ತೆ ಉಳಿದರು. ಮರುವರ್ಷ ಆಗಸ್ಟ್‌ನಲ್ಲಿ ಅದೇ ಧಾರಾವಾಹಿಯ ನಾಯಕ ಅನಿರುದ್ಧ ಮತ್ತು ನಿರ್ಮಾಣ ತಂಡದ ಜಗಳ ಬೀದಿಗೆ ಬಂತು, ಅವರು ಮಾಡುತ್ತಿದ್ದ ಆರ್ಯವರ್ಧನನ ಜಾಗಕ್ಕೆ ಹರೀಶ್ ರಾಜ್ ಬಂದರು. 2024ರ ಕೊನೆಯಲ್ಲಿ ಸಂಜನಾ ಬುರ್ಲಿ ಹೊರನಡೆದಾಗ ‘ಪುಟ್ಟಕ್ಕನ ಮಕ್ಕಳು’ ಕಥೆಯ ಸ್ನೇಹಾಳನ್ನು ಸಾಯಿಸಲಾಯಿತು. ಬಡತಾಯಿಯ ಮಗಳು ಓದಿ ದೊಡ್ಡ ಅಧಿಕಾರಿಯಾದಳೆಂದು ಹಿಗ್ಗಿದ ಹೆಣ್ಣುಮಕ್ಕಳಿಗೆ ಅದು ಸಣ್ಣ ಪೆಟ್ಟಲ್ಲ.

ಪ್ರತಿ ಸಲವೂ ನಟರ ಅಹಂಕಾರ, ಸಿನಿಮಾ ಆಸೆ, ದುಡ್ಡು ಎಂದು ಕಾರಣ ಹೇಳಿ ಮುಗಿಸುತ್ತೇವೆ. ಅವೆಲ್ಲ ಇರಬಹುದು. ಆದರೆ ಲೆಕ್ಕವನ್ನೂ ನೋಡಬೇಕು. ಜಾಹೀರಾತು ಕಳೆದು ಒಂದು ಕಂತು ಸುಮಾರು 22 ನಿಮಿಷ. ವಾರಕ್ಕೆ ಐದು ಕಂತೆಂದರೆ ಎರಡು ಗಂಟೆಗೆ ಹತ್ತು ನಿಮಿಷ ಕಡಿಮೆ: ವಾರಕ್ಕೊಂದು ಸಿನಿಮಾ! ಅಮೆರಿಕದ ಹಾಸ್ಯ ಧಾರಾವಾಹಿ ‘ಚಿಯರ್ಸ್’ 11 ವರ್ಷದಲ್ಲಿ ಮಾಡಿದ್ದು ಸುಮಾರು 270 ಕಂತು. ನಮ್ಮವರು ಹೆಚ್ಚುಕಡಿಮೆ ಅಷ್ಟನ್ನು ಒಂದು ವರ್ಷದಲ್ಲಿ ಮುಗಿಸುತ್ತಾರೆ. ಅಷ್ಟು ನಿಧಾನ ನಡೆದ ‘ಚಿಯರ್ಸ್’ನಿಂದಲೇ ನಾಯಕಿ ಶೆಲ್ಲಿ ಲಾಂಗ್ 1987ರಲ್ಲಿ ಎದ್ದುಹೋದರು. ಹೀಗಿರುವಾಗ ನಮ್ಮ ನಟಿ ಸಾವಿರ ಕಂತು ನಿಂತಿದ್ದರೆ ಅದೇ ಆಶ್ಚರ್ಯ. ಟಿಆರ್‌ಪಿ ಇರುವವರೆಗೂ ಕಥೆ ಎಳೆಯುತ್ತಾರೆ. ಎಂದು ಮುಗಿಯುತ್ತದೆಂದು ಗೊತ್ತಿಲ್ಲದ ಕೆಲಸದಲ್ಲಿ ಓದು, ಮದುವೆ, ಬಾಣಂತನ, ಇನ್ನೊಂದು ಪಾತ್ರ, ಯಾವುದಕ್ಕೂ ದಿನ ಗೊತ್ತುಮಾಡಲಾಗದು.

ನನಗೆ ಹೆಚ್ಚಿನ ಭಯವಿರುವುದು ಹಾಸ್ಯದ ಬಗ್ಗೆ. ಅತ್ತೆ–ಸೊಸೆ ಕಥೆಯಲ್ಲಿ ಅಪಘಾತ ಮಾಡಿಸಿ ಮುಖ ಬದಲಿಸಬಹುದು. ನಗುವಿಗೆ ಆ ಉಪಾಯ ಒಗ್ಗುವುದಿಲ್ಲ. ‘ಪಾಪ ಪಾಂಡು’ ನಿಂತಿದ್ದು ಚಿದಾನಂದ್ ಮತ್ತು ಶಾಲಿನಿಯವರ ಮಾತಿನ ಹೊಂದಾಣಿಕೆಯ ಮೇಲೆ. 2018ರಲ್ಲಿ ಅದನ್ನು ಮತ್ತೆ ತಂದಾಗಲೂ ಅವರಿಬ್ಬರೇ ಬೇಕಾದರು. ಹಿಂದಿಯ ‘ತಾರಕ್ ಮೆಹ್ತಾ ಕಾ ಉಲ್ಟಾ ಚಶ್ಮಾ’ದಿಂದ 2017ರಲ್ಲಿ ಹೆರಿಗೆ ರಜೆಗೆ ಹೋದ ದಿಶಾ ವಕಾನಿ ತಿರುಗಿ ಬರಲಿಲ್ಲ. 2022ರಲ್ಲಿ ಹೋದ ಶೈಲೇಶ್ ಲೋಧಾ ಬಾಕಿ ಹಣಕ್ಕಾಗಿ ನ್ಯಾಯಮಂಡಳಿಯ ಮೆಟ್ಟಿಲು ಹತ್ತಬೇಕಾಯಿತು. ನಮ್ಮ ವಾಹಿನಿಗಳೂ ಇದೇ ದಾರಿ ಹಿಡಿದರೆ ಹಾಸ್ಯಕ್ಕೆ ಒಗ್ಗುವ ಒಳ್ಳೆಯ ನಟರು ಕನ್ನಡ ಧಾರಾವಾಹಿಯನ್ನು ಬಿಗ್‌ಬಾಸ್‌ಗೋ ಸಿನಿಮಾಕ್ಕೋ ಹತ್ತುವ ಮೆಟ್ಟಿಲೆಂದಷ್ಟೇ ನೋಡುತ್ತಾರೆ.

ಉದ್ದದ ಕಥೆಯೇ ತಪ್ಪೆಂದು ನಾನು ಹೇಳುತ್ತಿಲ್ಲ. ಈ ಸೀಮೆಯ ಕಂಸಾಳೆಯವರು ರಾತ್ರಿಯಿಡೀ ಹಾಡುವ ಮಾದಪ್ಪನ ಕಥೆಗಿಂತ ಉದ್ದದ್ದು ಯಾವ ವಾಹಿನಿಯಲ್ಲಿದೆ? ಆದರೆ ಅದನ್ನು ಸಾಲುಗಳಾಗಿ ಹಾಡುತ್ತಾರೆ. ಸಂಕಮ್ಮನ ಸಾಲು, ಸರಗೂರಯ್ಯನ ಸಾಲು, ಜುಂಜೇಗೌಡನ ಸಾಲು, ಒಂದೊಂದಕ್ಕೂ ಆರಂಭವಿದೆ, ಮುಗಿತಾಯವಿದೆ. ಮುಂದೆ ನಿಂತು ಹಾಡುವವನ ಹಿಂದೆ ಸೊಲ್ಲು ಹಿಡಿಯುತ್ತಾ ಕಲಿತವರು ನಾಳೆ ಮುಂದೆ ಬರುತ್ತಾರೆ.

ಹಾಗೆಯೇ ವಾಹಿನಿಗಳು ಹೊಸ ಧಾರಾವಾಹಿಯ ಮುಹೂರ್ತಕ್ಕೆ ಮೊದಲೇ ಕಂತಿನ ಸಂಖ್ಯೆ ಗೊತ್ತುಮಾಡಲಿ. ಮುಂದುವರಿಸುವುದಾದರೆ ಹೊಸದಾಗಿ ಒಪ್ಪಿಗೆ ಪಡೆಯಲಿ. ದಿನಕ್ಕೆ ಎಷ್ಟು ತಾಸು ಚಿತ್ರೀಕರಣ, ತಿಂಗಳಿಗೆ ಎಷ್ಟು ರಜೆ, ಬಿಡುವುದಾದರೆ ಎಷ್ಟು ದಿನ ಮೊದಲು ತಿಳಿಸಬೇಕು, ಬಾಕಿ ಯಾವಾಗ ಚುಕ್ತಾ ಆಗಬೇಕು, ಎಲ್ಲವೂ ಬರಹದಲ್ಲಿರಲಿ. ದೃಶ್ಯ–ಶ್ರವ್ಯ ಕೆಲಸಗಾರರಿಗೆ ಲಿಖಿತ ಒಪ್ಪಂದ ಬೇಕೆಂದು 2020ರ ಔದ್ಯೋಗಿಕ ಸುರಕ್ಷತೆ ಸಂಹಿತೆಯೇ ಹೇಳಿದೆ. ಕರ್ನಾಟಕ ಟೆಲಿವಿಷನ್ ಅಸೋಸಿಯೇಷನ್ ಜಗಳವಾದ ಮೇಲೆ ಪಂಚಾಯಿತಿ ಕೂಡಿಸುವ ಬದಲು, ಇಂಥ ಒಪ್ಪಂದದ ಮಾದರಿಯೊಂದನ್ನು ಈ ವರ್ಷವೇ ಸಿದ್ಧಪಡಿಸಿ ನಟರ ಮುಂದಿಡಬೇಕು.