ತುರ್ಕಿಯ ವಿಚ್ಛೇದನ ವಿಧಿ

ಸ್ವಿಟ್ಜರ್ಲೆಂಡಿನ ನಾಗರಿಕ ಸಂಹಿತೆಯನ್ನು ಮಾದರಿಯಾಗಿಟ್ಟುಕೊಂಡು 1926ರಲ್ಲಿ ವಿವಾಹವನ್ನು ಷರಿಯತ್ತಿನ ಅಧೀನದಿಂದ ಬಿಡಿಸಿ ನ್ಯಾಯಾಲಯದ ವಶಕ್ಕೊಪ್ಪಿಸಿದ ತುರ್ಕಿಯು, 2002ರ ಜನವರಿ 1ರಿಂದ ಜಾರಿಗೆ ಬಂದ ನೂತನ ಸಂಹಿತೆಯಲ್ಲಿ, ಪರಸ್ಪರ ಸಮ್ಮತಿಯಿಂದ ಅಗಲಬಯಸುವ ದಂಪತಿಗಳಿಗೆ ವಿವಾಹವಾಗಿ ಒಂದು ವರ್ಷವಾದರೂ ಕಳೆದಿರಬೇಕೆಂದೂ, ವಕೀಲರಿದ್ದರೂ ಉಭಯರೂ ಸ್ವತಃ ನ್ಯಾಯಾಧೀಶರೆದುರು ನಿಂತು ತಮ್ಮ ಇಚ್ಛೆಯನ್ನು ನುಡಿಯಬೇಕೆಂದೂ ವಿಧಿಸಿರುವುದು ನನಗೆ ಯುಕ್ತವೆನಿಸುತ್ತದೆ. ಬಲವಂತದಿಂದ ಹಾಕಿಸಿದ ರುಜುವೂ ಕಾಗದದ ಮೇಲೆ ಸಮ್ಮತಿಯಂತೆಯೇ ತೋರುವುದಲ್ಲವೆ? ಮಕ್ಕಳ ಪಾಲನೆ ಹಾಗೂ ಹಣಕಾಸಿನ ಒಡಂಬಡಿಕೆಯನ್ನೂ ನ್ಯಾಯಾಧೀಶರು ಪರಿಶೀಲಿಸಿ, ಅವಶ್ಯವೆನಿಸಿದಲ್ಲಿ ತಿದ್ದುಪಡಿ ಸೂಚಿಸಬಲ್ಲರು.

ಸಮ್ಮತಿಯಿಲ್ಲದ ದಾವೆಗಳಲ್ಲಾದರೋ ವ್ಯಭಿಚಾರ, ಕ್ರೌರ್ಯ, ಪರಿತ್ಯಾಗಾದಿ ಕಾರಣಗಳನ್ನೋ, ಸಹಜೀವನವು ದುಸ್ಸಾಧ್ಯವಾಗುವಷ್ಟು ದಾಂಪತ್ಯವು ಶಿಥಿಲವಾಗಿದೆಯೆಂಬುದನ್ನೋ ಪ್ರಮಾಣಪೂರ್ವಕ ಸ್ಥಾಪಿಸಬೇಕು. ಮನೆಯ ಗುಟ್ಟೆಲ್ಲ ಸಾಕ್ಷಿಗಳ ಬಾಯಿಂದ ಹೊರಬೀಳುವುದು ಆಗಲೇ.

ಇಷ್ಟು ವಿವೇಕವುಳ್ಳ ಸಂಹಿತೆಯೇ, ಪುರುಷನಿಗಿಲ್ಲದ ನಿರ್ಬಂಧವೊಂದನ್ನು ಸ್ತ್ರೀಗೆ ಹೇರಿ, ಆಕೆ ವಿಚ್ಛೇದನಾನಂತರ 300 ದಿನಗಳವರೆಗೆ ಪುನರ್ವಿವಾಹವಾಗಕೂಡದೆಂದೂ, ಗರ್ಭಿಣಿಯಲ್ಲವೆಂದು ಸಿದ್ಧಪಟ್ಟರೆ ನ್ಯಾಯಾಲಯವು ಆ ಅವಧಿಯನ್ನು ರದ್ದುಗೊಳಿಸುವುದೆಂದೂ ವಿಧಿಸಿದುದನ್ನು ಮಾತ್ರ ನಾನು ಒಪ್ಪಲಾರೆ. ಪಿತೃತ್ವನಿರ್ಣಯಕ್ಕೆ ವೈದ್ಯಶಾಸ್ತ್ರವೇ ಸಮರ್ಥವಾಗಿರುವ ಕಾಲದಲ್ಲಿ ಈ ನಿಯಮಕ್ಕೆ ಸಮರ್ಥನೆಯೆಲ್ಲಿ? 2023ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವೂ ಇದನ್ನು ಲಿಂಗಾಧಾರಿತ ತಾರತಮ್ಯವೆಂದೇ ನಿರ್ಣಯಿಸಿತು.