ಇಂಪೊಂದೇ ಅಳತೆಗೋಲೇ?

ಹೆಂಗಸರು ಹಾಡಿದ ಹಾಡುಗಳಲ್ಲಿ ನಿಮಗೆ ಅಚ್ಚುಮೆಚ್ಚಿನವು ಯಾವುವು ಎಂದು ಕೇಳಿ ನೋಡಿ. ನಮ್ಮವರಲ್ಲಿ ಹೆಚ್ಚಿನವರು ಒಪ್ಪಿಸುವ ಪಟ್ಟಿ ಒಂದೇ. ಲತಾ ಮಂಗೇಶ್ಕರ್, ಪಿ. ಸುಶೀಲ, ಎಸ್. ಜಾನಕಿ, ವಾಣಿ ಜಯರಾಂ ಇವರ ಚಿತ್ರಗೀತೆಗಳು ಒಂದೆರಡೊಂದೆರಡು. ಭಕ್ತಿಯ ಲೆಕ್ಕಕ್ಕೆ ಎಂ.ಎಸ್. ಸುಬ್ಬುಲಕ್ಷ್ಮಿಯವರ ಸುಪ್ರಭಾತ. ಪ್ರತಿಯೊಂದು ಹೆಸರಿನ ಪಕ್ಕದಲ್ಲಿಯೂ ಕೋಗಿಲೆ, ಜೇನು, ಇಂಪು ಎಂಬ ಮೂರು ಪದಗಳು. ನನ್ನ ಹಳೆಯ ವಿದ್ಯಾರ್ಥಿಗಳು ಈಚೆಗೆ ಮೊಬೈಲಿನಲ್ಲಿ ಹಂಚಿಕೊಂಡ ಪಟ್ಟಿಯೂ ಇದಕ್ಕೆ ಹೊರತಾಗಿರಲಿಲ್ಲ. ಈ ಪಟ್ಟಿಯ ಬಗ್ಗೆ ನನಗೆ ಬಲವಾದ ತಕರಾರಿದೆ.

ತಕರಾರು ಆ ಗಾಯಕಿಯರ ಮೇಲಲ್ಲ. 1977ರಲ್ಲಿ ತೆರೆಕಂಡ ‘ಸನಾದಿ ಅಪ್ಪಣ್ಣ’ ಚಿತ್ರದಲ್ಲಿ ಉಸ್ತಾದ್ ಬಿಸ್ಮಿಲ್ಲಾ ಖಾನರ ಶಹನಾಯಿಯೊಡನೆ ಜಾನಕಿಯವರು ಸರಿಜೋಡಿಯಾಗಿ ಹಾಡಿದ ಗೀತೆಯನ್ನು ಗಮನವಿಟ್ಟು ಕೇಳಿದವರಿಗೆ ಗೊತ್ತು, ಅಲ್ಲಿ ದುಡಿಯುತ್ತಿರುವುದು ಉಸಿರು, ಲಯಜ್ಞಾನ, ವರ್ಷಗಳ ಸಾಧನೆ. ಅದನ್ನೆಲ್ಲ ‘ಎಷ್ಟು ಇಂಪಪ್ಪಾ’ ಎಂಬ ಒಂದು ಉದ್ಗಾರದಲ್ಲಿ ಮುಗಿಸುವುದು ಆ ಕಲಾವಿದೆಗೆ ಮಾಡುವ ಉಪಚಾರವೇ?

ಗಂಡಸರ ವಿಷಯದಲ್ಲಿ ನಾವು ಎಷ್ಟು ಉದಾರಿಗಳು, ನೋಡಿ! ಸಿ. ಅಶ್ವತ್ಥರ ಒರಟು ಕಂಠವನ್ನು ನಾಡಿಗೆ ನಾಡೇ ತಲೆಯ ಮೇಲೆ ಹೊತ್ತು ಮೆರೆಸಿತು, ಮೆರೆಸಬೇಕಾದದ್ದೇ. ಭೀಮಸೇನ ಜೋಶಿಯವರ ಘರ್ಜನೆಗೆ ತಲೆದೂಗಿದೆವು. ಆದರೆ ಅವರ ಗುರುಗಳಾದ ಸವಾಯಿ ಗಂಧರ್ವರ ಬಳಿಯೇ, ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬಂದು ಕಲಿತ ಗಂಗೂಬಾಯಿ ಹಾನಗಲ್ಲರ (1913–2009) ಒಂದು ಖಯಾಲನ್ನಾದರೂ ಈ ಪಟ್ಟಿಗಳಲ್ಲಿ ಕಂಡಿದ್ದೀರಾ? ಅವರ ಆರಂಭದ ಧ್ವನಿಮುದ್ರಿಕೆಗಳಲ್ಲಿ ಕಂಠ ಎಳೆಯದು, ತೆಳುವಾದದ್ದು. ಗಂಟಲಿನ ಚಿಕಿತ್ಸೆಯ ಬಳಿಕ ಅದು ಭಾರವಾಯಿತು. ಬೇರೆಯವರಾಗಿದ್ದರೆ ಅಂದಿಗೇ ತಂಬೂರಿಯನ್ನು ಗೋಡೆಗೆ ಒರಗಿಸಿ ಕೈತೊಳೆದುಕೊಳ್ಳುತ್ತಿದ್ದರೇನೋ. ಗಂಗೂಬಾಯಿಯವರು ಆ ದನಿಯನ್ನೇ ಪಳಗಿಸಿ, ಮಂದ್ರದಲ್ಲಿ ನಿಂತು ರಾಗವನ್ನು ಅಂಗುಲ ಅಂಗುಲವಾಗಿ ಎತ್ತಿ ಕಟ್ಟಿದರು. 2002ರಲ್ಲಿ ಪದ್ಮವಿಭೂಷಣವೂ ಬಂತು. ಅವರ ಹೆಸರಿನಲ್ಲಿ ನಮ್ಮಲ್ಲೊಂದು ವಿಶ್ವವಿದ್ಯಾನಿಲಯವೇ ಇದೆ. ಹೆಸರು ಬೇಕು, ಹಾಡು ಬೇಡ!

ಇದು ಬರಿಯ ಪಟ್ಟಿಯ ಮಾತಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ನಾನು ಕೆಲಸಮಾಡಿದ ಶಾಲೆಯೊಂದರಲ್ಲಿ, ಶ್ರುತಿ ಲವಲೇಶವೂ ತಪ್ಪದ ಹುಡುಗಿಯೊಬ್ಬಳನ್ನು ‘ಗಂಡುದನಿ’ ಎಂಬ ಒಂದೇ ಕಾರಣಕ್ಕೆ ಪ್ರಾರ್ಥನೆಯ ಸಾಲಿನಿಂದ ಹಿಂದಕ್ಕೆ ಕಳುಹಿಸಿದ್ದರು. ನಾನು ವಾದಿಸಿದೆ, ಮುಖ್ಯೋಪಾಧ್ಯಾಯರು ನಕ್ಕರು. ಆಕೆ ಮತ್ತೆ ಶಾಲೆಯಲ್ಲಿ ಬಾಯಿ ತೆರೆದು ಹಾಡಲಿಲ್ಲ. ಇಂಪಿನ ಅಳತೆಗೋಲು ಬೀಳುವುದು ಇಂಥ ಮಕ್ಕಳ ಬೆನ್ನಿನ ಮೇಲೆ.

ಈ ಇಂಪಿನೊಳಗೆ ಸಭ್ಯತೆಯ ತಕ್ಕಡಿಯೊಂದು ಅಡಗಿದೆ ಎಂಬುದು ನನ್ನ ಗುಮಾನಿ. ಎಲ್.ಆರ್. ಈಶ್ವರಿಯವರು 1971ರ ‘ಸಂಶಯ ಫಲ’ಕ್ಕಾಗಿ, ಸಲಿಲ್ ಚೌಧುರಿಯವರ ಸಂಗೀತದಲ್ಲಿ ಹಾಡಿದ ಹಾಡಿಗೆ ಮದುವೆಮನೆಗಳಲ್ಲಿ ಕುಣಿಯದವರು ಯಾರು? ಆದರೆ ಅಚ್ಚುಮೆಚ್ಚಿನದನ್ನು ಬರೆದುಕೊಡಿ ಎಂದೊಡನೆ ಅದೇ ಜನ ಆ ಹಾಡನ್ನು ಕೈಬಿಡುತ್ತಾರೆ. ಮನೆಯ ಹೆಣ್ಣುಮಗಳಂತೆ ತಗ್ಗಿ ಬಗ್ಗಿ ನಡೆಯುವ ದನಿ ಮಾತ್ರ ಲಿಖಿತ ದಾಖಲೆಗೆ ಅರ್ಹ.

ಇನ್ನು ಕಾಲದ ಮಾತು. ನಮ್ಮ ಪಟ್ಟಿಗಳಿಗೆ ಚಲನಚಿತ್ರಕ್ಕಿಂತ ಹಿಂದೆ ಜಗತ್ತೇ ಇಲ್ಲ. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನಿಗೆ ಹಾಡಿದ ಗೌಹರ್ ಜಾನ್, ಗಂಟೆಗಟ್ಟಲೆ ಬೆಳೆಸಬಹುದಾದ ರಾಗವನ್ನು ಮೂರು ನಿಮಿಷದ ತಟ್ಟೆಗೆ ಇಳಿಸುವುದು ಹೇಗೆಂದು ತೋರಿಸಿಕೊಟ್ಟವರು. ಹಾಡು ಮುಗಿದೊಡನೆ ತಮ್ಮ ಹೆಸರನ್ನು ತಾವೇ ಇಂಗ್ಲಿಷಿನಲ್ಲಿ ಸಾರುತ್ತಿದ್ದರು. ಆ ಠೀವಿಯನ್ನು ಕೇಳಿಯೇ ಸವಿಯಬೇಕು. ಕಡೆಗಾಲದಲ್ಲಿ ಅವರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು. ಬೀಳಗಿಯಲ್ಲಿ ಹುಟ್ಟಿ, 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ದೇಶಾದ್ಯಂತ ಮನೆಮಾತಾದ ಅಮೀರ್‌ಬಾಯಿ ಕರ್ನಾಟಕಿಯವರ ಹೆಸರಿನಲ್ಲೇ ನಮ್ಮ ನಾಡಿದೆ. ನಮ್ಮ ನೆನಪಿನಲ್ಲಿ ಮಾತ್ರ ಅವರಿಲ್ಲ.

ಜನಪದ ಗಾಯಕಿಯರ ಪಾಡಂತೂ ಹೇಳತೀರದು. ಅಂಕೋಲೆಯ ಬಳಿಯ ಹಾಲಕ್ಕಿ ಸಮುದಾಯದ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದಾಗ ಎಲ್ಲರೂ ಅವರ ಮಣಿಸರಗಳ ಚಿತ್ರವನ್ನು ನೋಡಿದೆವು. ಅವರು ಹಾಡಿದ್ದೇನೆಂದು ಕೇಳಿದವರೆಷ್ಟು ಮಂದಿ? 2025ರ ಫೆಬ್ರವರಿಯಲ್ಲಿ ಅವರು ಅಗಲಿದಾಗಲೂ ಅದೇ ಚಿತ್ರ. ದರೋಜಿ ಈರಮ್ಮನವರು ಅಕ್ಷರ ಕಲಿತವರಲ್ಲ. ರಾತ್ರಿಯಿಡೀ ಹಾಡಿದರೂ ಮುಗಿಯದ ಕಾವ್ಯಗಳನ್ನು ಕಂಠದಲ್ಲಿಟ್ಟುಕೊಂಡಿದ್ದರು. ‘ಮೂರು ನಿಮಿಷದ್ದೊಂದು ಆರಿಸಿ ಕೊಡಿ’ ಎಂದರೆ ಅಂಥವರಿಂದ ಯಾವುದನ್ನು ಕತ್ತರಿಸಿ ಕೊಡೋಣ?

‘ಮೇಷ್ಟ್ರೇ, ಲೋಕೋ ಭಿನ್ನರುಚಿಃ, ನಮ್ಮ ಇಷ್ಟ ನಮಗೆ’ ಎಂದು ಕೆಲವರು ಮುನಿಸಿಕೊಂಡಾರು. ರುಚಿ ಭಿನ್ನವಾಗಿದ್ದರೆ ನನಗೇಕೆ ಜಗಳ? ನೂರು ಮನೆಯಿಂದ ಒಂದೇ ಪಟ್ಟಿ ಬರುತ್ತಿದೆ ಎಂಬುದೇ ನನ್ನ ಆಕ್ಷೇಪ. ಆಕಾಶವಾಣಿಯೋ ಚಿತ್ರಮಂದಿರವೋ ಬಡಿಸಿದ್ದನ್ನು ಉಂಡು, ಅದನ್ನೇ ಸ್ವಂತ ರುಚಿ ಎನ್ನುತ್ತಿದ್ದೇವೆ. ಆಗ ಬೇರೆಯದು ಸಿಗುತ್ತಿರಲಿಲ್ಲ, ಒಪ್ಪೋಣ. ಇಂದು ಗೌಹರ್ ಜಾನರ ದನಿಯೂ ಗಂಗೂಬಾಯಿಯವರ ದನಿಯೂ ನಿಮ್ಮ ಅಂಗೈಯಲ್ಲೇ ಇವೆ.

ನನ್ನ ಆಯ್ಕೆ ಏನೆಂದು ಕೇಳುವಿರಿ. ಮೊದಲನೆಯದು ಗಂಗೂಬಾಯಿಯವರ ಮಂದ್ರಸ್ಥಾಯಿಯ ಯಾವುದೇ ವಿಲಂಬಿತ ಆಲಾಪ. ಎರಡನೆಯದು, ರಂಗದ ಮೇಲೆ ಬಿ. ಜಯಶ್ರೀಯವರು ಕಂಠವನ್ನು ಸಂಪೂರ್ಣವಾಗಿ ಬಿಟ್ಟು ಹಾಡಿದ ನಾಟಕದ ಪದಗಳು. ಮೂರನೆಯದು ಈಶ್ವರಿಯವರದು, ಮೇಲೆ ಹೇಳಿದ್ದೇ. ಮೊಮ್ಮಗಳು ನಗುತ್ತಾಳೆ, ನಗಲಿ. ನಾಲ್ಕನೆಯದನ್ನು ನೀವು ಬರೆಯಿರಿ, ಆದರೆ ‘ಇಂಪು’ ಎಂಬ ಪದವನ್ನು ಬಳಸದೆ.