ಮೂರು, ನೂರು ಮತ್ತು 'ಪೈಲಟ್ ಎಡವಟ್ಟು'

ವಿಮಾನ ಬಿದ್ದ ಅರ್ಧ ಗಂಟೆಯೊಳಗೆ ನಮ್ಮ ಡೆಸ್ಕ್‌ಗಳಿಗೆ ಕಾರಣ ಗೊತ್ತಾಗಿಬಿಡುತ್ತದೆ. ಬ್ಲ್ಯಾಕ್ ಬಾಕ್ಸ್ ಇನ್ನೂ ಮಣ್ಣಲ್ಲೇ ಬಿದ್ದಿರುತ್ತದೆ, ಇಲ್ಲಿ ಪರದೆಯ ಕೆಳಗೆ 'ಪೈಲಟ್ ಎಡವಟ್ಟು' ಓಡಲು ಶುರು. ಪೈಲಟ್ ಹೊರದೇಶದವನಾದರಂತೂ ಮುಗಿದೇ ಹೋಯಿತು, 'ಇಂಗ್ಲಿಷ್ ಬಾರದ ಪೈಲಟ್'. ಜಿಲ್ಲೆಗಳಲ್ಲಿ ಕೂತು ಸುದ್ದಿ ಕಳಿಸುವ ನಾವೂ ಇದರಲ್ಲಿ ಪಾಲುದಾರರೇ. ಆದ್ದರಿಂದ ಮುಂದಿನ ಬೈಗುಳ ನಮಗೂ ಸೇರಿದ್ದು.

1990ರ ಜನವರಿ 25ರ ರಾತ್ರಿಯನ್ನು ನೋಡಿ. ಕೊಲಂಬಿಯಾದ ಬೊಗೊಟಾದಿಂದ ಮೆಡೆಲಿನ್ ಮಾರ್ಗವಾಗಿ ನ್ಯೂಯಾರ್ಕಿಗೆ ಬರುತ್ತಿದ್ದ ಆವಿಯಾಂಕಾ 52, ಬೋಯಿಂಗ್ 707. ಕೆನಡಿ ನಿಲ್ದಾಣದಲ್ಲಿ ಹವೆ ಕೆಟ್ಟಿತ್ತು, ಇಳಿಯಲು ವಿಮಾನಗಳು ಸಾಲುಗಟ್ಟಿದ್ದವು. ದಾರಿಯಲ್ಲಿ ಮೂರು ಕಡೆ ಸುತ್ತು ಹಾಕಿಸಿ ಒಟ್ಟು 1 ಗಂಟೆ 17 ನಿಮಿಷ ಕಾಯಿಸಿದರು. ಇಂಧನ ತಳ ಕಾಣತೊಡಗಿತು. ಸಹ ಪೈಲಟ್ ರೇಡಿಯೊದಲ್ಲಿ 'ಪ್ರಯಾರಿಟಿ ಬೇಕು' ಎಂದರು. ಬದಲಿ ನಿಲ್ದಾಣವಾದ ಬಾಸ್ಟನ್‌ಗೆ ಹೋಗುವಷ್ಟು ಇಂಧನ ಉಳಿದಿಲ್ಲ ಎಂದೂ ತಿಳಿಸಿದರು. ಒಬ್ಬ ಕಂಟ್ರೋಲರ್ ಕೈಯಿಂದ ಇನ್ನೊಬ್ಬರ ಕೈಗೆ ವಿಮಾನ ದಾಟಿತು, ಆ ಮಾತು ಪೂರ್ತಿ ದಾಟಲಿಲ್ಲ.

ಮೊದಲ ಸಲ ಇಳಿಯಲಾಗದೆ ಮತ್ತೆ ಮೇಲೆದ್ದಾಗ ಕ್ಯಾಪ್ಟನ್ 'ಎಮರ್ಜೆನ್ಸಿ ಅಂತ ಹೇಳು' ಎಂದರು. ಸಹ ಪೈಲಟ್ ಹೇಳಿದ್ದು ಇಷ್ಟು: ಇನ್ನೊಮ್ಮೆ ಪ್ರಯತ್ನಿಸುತ್ತೇವೆ, ಇಂಧನ ಮುಗಿಯುತ್ತಾ ಬಂದಿದೆ. 'ಹೇಳಿದೆಯಾ?' ಎಂದು ಕ್ಯಾಪ್ಟನ್ ಕೇಳಿದರೆ, 'ಹೇಳಿದೆ ಸರ್'. ಆ ಕಡೆ ಕಂಟ್ರೋಲರ್, ನಿಮ್ಮನ್ನು 15 ಮೈಲಿ ಈಶಾನ್ಯಕ್ಕೆ ಒಯ್ದು ತಿರುಗಿಸುತ್ತೇನೆ, ನಿಮ್ಮ ಇಂಧನಕ್ಕೆ ಅದು ಸರಿಯಾ ಎಂದು ಕೇಳುತ್ತಾರೆ. ಸಹ ಪೈಲಟ್‌ನ ಉತ್ತರ, ಸರಿ ಅನ್ನಿಸುತ್ತೆ, ತುಂಬಾ ಥ್ಯಾಂಕ್ಸ್. ಸ್ವಲ್ಪ ಹೊತ್ತಿನಲ್ಲಿ ಎಂಜಿನ್‌ಗಳು ಆರಿದವು. ವಿಮಾನ ಲಾಂಗ್ ಐಲ್ಯಾಂಡಿನ ಕೋವ್ ನೆಕ್ ಎಂಬಲ್ಲಿ ಗುಡ್ಡಕ್ಕೆ ಬಿತ್ತು. ಇದ್ದವರು 158, ಸತ್ತವರು 73. ಬೆಂಕಿ ಹತ್ತಲಿಲ್ಲ. ಹತ್ತಲು ಇಂಧನವೇ ಇರಲಿಲ್ಲ.

ಆ 'ತುಂಬಾ ಥ್ಯಾಂಕ್ಸ್' ನಮ್ಮನ್ನು ಕಾಡುತ್ತದೆ. ಅದು ಇಂಗ್ಲಿಷ್ ಬಾರದವನ ಮಾತಲ್ಲ, ವ್ಯಾಕರಣ ನೆಟ್ಟಗೇ ಇದೆ. ಎದುರಿಗಿರುವವರು ಗಡಿಬಿಡಿಯಲ್ಲಿದ್ದಾರೆ, ಪಟಪಟ ಮಾತಾಡುತ್ತಿದ್ದಾರೆ, ನಾವು ಅಡ್ಡಬಾಯಿ ಹಾಕಿದರೆ ಏನಂದುಕೊಂಡಾರೋ ಎಂಬ ಸಂಕೋಚ ಅದರಲ್ಲಿ ನಮಗೆ ಕೇಳಿಸುತ್ತದೆ. ಹಳ್ಳಿ ಶಾಲೆಯಿಂದ ಬಂದು ಡಿಪ್ಲೊಮಾ ಹಿಡಿದು ಮೊದಲ ಸಲ ಡಿಸಿ ಪತ್ರಿಕಾಗೋಷ್ಠಿಯಲ್ಲಿ ಕೂತ ನಮ್ಮಲ್ಲಿ ಯಾರಿಗೆ ಇದು ಗೊತ್ತಿಲ್ಲ ಹೇಳಿ? ಅರ್ಥವಾಗದಿದ್ದರೂ ತಲೆ ಆಡಿಸಿ ಬಂದವರೇ ಎಲ್ಲ.

ಹಾಗಾದರೆ ಪೈಲಟ್‌ಗಳದ್ದು ತಪ್ಪಿಲ್ಲವೇ? ಇದೆ. ಅಮೆರಿಕದ ತನಿಖಾ ಮಂಡಳಿ ಇಂಧನ ನಿರ್ವಹಣೆಯ ಲೋಪ, ಎಮರ್ಜೆನ್ಸಿ ಎಂದು ಹೇಳದ ಲೋಪ ಎರಡನ್ನೂ ಅವರ ಮೇಲೇ ಹಾಕಿತು. ಆದರೆ ಅದೇ ವರದಿ, ದಟ್ಟಣೆಯನ್ನು ಸರಿಯಾಗಿ ನಿಭಾಯಿಸದ ವಿಮಾನಯಾನ ಆಡಳಿತವನ್ನೂ ಹೆಸರಿಸಿತು. ಇಂಧನ ಕಡಿಮೆ ಎನ್ನಲು ಇಬ್ಬರಿಗೂ ಒಂದೇ ಅರ್ಥ ಕೊಡುವ ನಿಗದಿತ ಪದವೇ ಇಲ್ಲ ಎಂದೂ ಹೇಳಿತು. 'ಮಿನಿಮಮ್ ಫ್ಯುಯೆಲ್', 'ಮೇ ಡೇ ಫ್ಯುಯೆಲ್' ಎಂಬ ಮಾತುಗಳು ಅಂತರರಾಷ್ಟ್ರೀಯ ನಿಯಮವಾಗಿ ಬಂದದ್ದು 2012ರಲ್ಲಿ. 22 ವರ್ಷ! ಈ ಅರ್ಧ ಯಾವ ಹೆಡ್‌ಲೈನಿಗೂ ಹತ್ತುವುದಿಲ್ಲ.

ಇಂಗ್ಲಿಷ್ ಚೆನ್ನಾಗಿದ್ದರೆ ಎಲ್ಲ ಸರಿಯಾಗುತ್ತದೆ ಎನ್ನುವವರಿಗೆ ಇನ್ನೊಂದು ಪ್ರಕರಣ. 1989ರ ಫೆಬ್ರವರಿ 19, ಮಲೇಷ್ಯಾದ ಸುಬಾಂಗ್. ಇಳಿಯಲು ಬರುತ್ತಿದ್ದದ್ದು ಅಮೆರಿಕದ ಕಂಪನಿ ಫ್ಲೈಯಿಂಗ್ ಟೈಗರ್‌ನ ಸರಕು ವಿಮಾನ. ಕಂಟ್ರೋಲರ್ 2400 ಅಡಿಗೆ ಇಳಿಯಿರಿ ಎನ್ನಲು 'ಡಿಸೆಂಡ್ ಟೂ ಫೋರ್ ಝೀರೊ ಝೀರೊ' ಎಂದರು. ಮೊದಲಿನ 'ಟೂ' ಎರಡು ಎಂಬ ಅಂಕಿ. ಕಾಕ್‌ಪಿಟ್‌ನಲ್ಲಿ ಅದು 'ಅಷ್ಟಕ್ಕೆ' ಎಂಬ 'ಟು' ಆಗಿ ಕೇಳಿಸಿತು. 'ಓಕೆ, ಫೋರ್ ಝೀರೊ ಝೀರೊ' ಎಂದು ಮರಳಿ ಹೇಳಿ 400 ಅಡಿಯತ್ತ ಇಳಿದರು. ಮರಳಿ ಹೇಳಿದ್ದು ತಪ್ಪೆಂದು ಕಂಟ್ರೋಲರ್ ಹಿಡಿಯಲಿಲ್ಲ. ಗುಡ್ಡಕ್ಕೆ ಬಡಿದು ವಿಮಾನದಲ್ಲಿದ್ದ ನಾಲ್ವರೂ ಸತ್ತರು. ಯಾವ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸೇರಿಸೋಣ ಇವರನ್ನು?

ಅಸಲಿಗೆ ರೇಡಿಯೊದ ಇಂಗ್ಲಿಷ್ ಕಾನ್ವೆಂಟ್ ಇಂಗ್ಲಿಷ್ ಅಲ್ಲವೇ ಅಲ್ಲ. ಅಲ್ಲಿ 'ತ್ರೀ' ಅನ್ನು 'ಟ್ರೀ' ಎನ್ನಬೇಕು, 'ಫೈವ್' ಅನ್ನು 'ಫೈಫ್', 'ನೈನ್' ಅನ್ನು 'ನೈನರ್'. ನಮ್ಮೂರ ಹುಡುಗರು ತರಗತಿಯಲ್ಲಿ ಹೀಗೆ ಉಚ್ಚರಿಸಿ ನಗೆಪಾಟಲಾಗಿದ್ದಾರೆ, ಅಲ್ಲಿ ಅದೇ ನಿಯಮ. ಒಂದು ತರಂಗಾಂತರದಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡಬಹುದು. ಇಬ್ಬರು ಒಟ್ಟಿಗೆ ಗುಂಡಿ ಒತ್ತಿದರೆ ಕಿರ್ರೆನ್ನುವ ಸದ್ದು ಬಿಟ್ಟು ಏನೂ ಉಳಿಯುವುದಿಲ್ಲ. ಇಳಿಯುವ ವಿಮಾನಗಳ ಸಾಲು ಉದ್ದವಾದಷ್ಟೂ ಮಾತು ಚುಟುಕಾಗುತ್ತದೆ, ಮರಳಿ ಹೇಳಿದ್ದನ್ನು ಕೇಳಿಸಿಕೊಳ್ಳುವ ಪುರುಸೊತ್ತೂ ಇರುವುದಿಲ್ಲ. ಅಷ್ಟು ವಿಮಾನಗಳನ್ನು ಅಷ್ಟು ಕಡಿಮೆ ಅಂತರದಲ್ಲಿ ಇಳಿಸಬೇಕೆಂದು ತೀರ್ಮಾನಿಸಿದವರು ಯಾರು ಎಂದು ನಾವು ಕೇಳಿದ್ದೇವಾ?

ಇನ್ನು ನಮ್ಮದೇ ಮಂಗಳೂರು. 2010ರ ಮೇ 22, ಕೆಂಜಾರು. ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ, 166 ಜನರಲ್ಲಿ 158 ಸಾವು. ಕ್ಯಾಪ್ಟನ್ ಸರ್ಬಿಯಾ ಮೂಲದವರು, ಸರಿ, 'ವಿದೇಶಿ ಪೈಲಟ್' ಸಿಕ್ಕಿದ. ಅವರು ಹಾರಾಟದ ನಡುವೆ ನಿದ್ದೆ ಹೋಗಿದ್ದು ನಿಜ, ವಿಮಾನ ಇರಬೇಕಾದ್ದಕ್ಕಿಂತ ಎತ್ತರದಲ್ಲಿದ್ದರೂ ಇಳಿಸಲು ಹೊರಟಿದ್ದೂ ನಿಜ. ಆದರೆ ಪಕ್ಕದಲ್ಲಿದ್ದ ಸಹ ಪೈಲಟ್ 'ಗೋ ಅರೌಂಡ್', ಅಂದರೆ ಇಳಿಸಬೇಡಿ, ಮತ್ತೆ ಮೇಲೇರಿ ಎಂದು ಮೂರು ಸಲ ಹೇಳಿದ್ದರು. ಎರಡೇ ಪದ. ಅದರಲ್ಲಿ ಅರ್ಥವಾಗದ್ದೇನಿತ್ತು? ಕ್ಯಾಪ್ಟನ್ ಕೇಳದಿದ್ದಾಗ ಸಹ ಪೈಲಟ್ ತಾನೇ ನಿಯಂತ್ರಣ ಕೈಗೆತ್ತಿಕೊಳ್ಳಬಹುದೇ ಎಂಬ ಬಗ್ಗೆ ಸೂಚನೆಗಳಲ್ಲೇ ಗೊಂದಲವಿತ್ತು, ಬಹುಶಃ ಅದಕ್ಕೇ ಅವರು ಮಾತಿಗೇ ನಿಂತರು ಎಂದಿತು ವಿಚಾರಣಾ ನ್ಯಾಯಾಲಯ. ಮಂಗಳೂರಿನ ರೇಡಾರ್ ಕೆಟ್ಟಿದ್ದರಿಂದ ಕೆಳಗಿಳಿಯಲು ಅನುಮತಿ ಮಾಮೂಲಿಗಿಂತ ಹತ್ತಿರ ಬಂದ ಮೇಲೆ ಸಿಕ್ಕಿತು ಎಂದೂ ದಾಖಲಿಸಿತು. ಸೂಚನೆ ಬರೆದವರ ಹೆಸರು, ರೇಡಾರ್ ಕೆಟ್ಟ ಕತೆ ನಿಮಗೆ ನೆನಪಿದೆಯೇ? 'ನಿದ್ದೆ ಮಾಡಿದ ಪೈಲಟ್' ಮಾತ್ರ ನೆನಪಿರುತ್ತಾನೆ. ಸತ್ತವನ ಮೇಲೆ ಬರೆಯುವುದು ಸುಲಭ, ಸ್ಪಷ್ಟೀಕರಣದ ಪತ್ರ ಬರುವುದಿಲ್ಲ.

ನಮಗೆ ಇದು ಯಾಕೆ ಇಷ್ಟು ಉರಿಯುತ್ತದೆ ಎಂದರೆ, ಡೆಸ್ಕಿನ ಲೆಕ್ಕದಲ್ಲಿ ನಾವೂ ಪೈಲಟ್‌ಗಳೇ. ಕೆಲ ವರ್ಷಗಳ ಹಿಂದೆ ಕಬ್ಬಿನ ಗದ್ದೆಗೆ ಬೆಂಕಿ ಬಿದ್ದ ಸುದ್ದಿಯನ್ನು, ಪುಟ ಮುಗಿಸುವ ಹೊತ್ತಿನಲ್ಲಿ, ಗಾಳಿಗೆ ನಿಂತು ಫೋನಿನಲ್ಲಿ ಹೇಳಿದೆವು: ಮೂರು ಎಕರೆ. ಬೆಳಿಗ್ಗೆ ಪತ್ರಿಕೆಯಲ್ಲಿ 'ನೂರು ಎಕರೆ ಕಬ್ಬು ಭಸ್ಮ'. ತಹಶೀಲ್ದಾರರು ಕೆಂಡವಾದರು, ಊರವರು ನಕ್ಕರು. ಪರಿಹಾರಕ್ಕೆ ಅರ್ಜಿ ಹಾಕಿದ ರೈತನನ್ನು 'ನೂರು ಎಕರೆ ಸಾಹುಕಾರ' ಎಂದು ಕಚೇರಿಯಲ್ಲಿ ಗೇಲಿ ಮಾಡಿದರು. ಡೆಸ್ಕಿನ ವಿಚಾರಣೆ ಒಂದೇ ಸಾಲಿನದು: ಸ್ಟ್ರಿಂಗರ್ ಸರಿಯಾಗಿ ಹೇಳಲಿಲ್ಲ. ಅಲ್ಲಿ ಒಬ್ಬನೇ ಕೂತು ಎಷ್ಟೋ ತಾಲ್ಲೂಕಿನ ಫೋನ್ ಎತ್ತುತ್ತಿದ್ದ ಎಂಬುದು ಆ ವಿಚಾರಣೆಯಲ್ಲಿ ಬರಲಿಲ್ಲ. ಅವನ ತಪ್ಪು ಎಂದೂ ನಾವು ಹೇಳುತ್ತಿಲ್ಲ, ಪಾಪ.

ಅಂದಿನಿಂದ ಅಂಕಿ ಇರುವ ಸುದ್ದಿಯನ್ನು ಫೋನಿನಲ್ಲಿ ಹೇಳಿದ ಮೇಲೆ, 'ಒಮ್ಮೆ ತಿರುಗಿ ಹೇಳಿ ಸರ್' ಎನ್ನುತ್ತೇವೆ. ಆ ಕಡೆಯಿಂದ ಹೆಚ್ಚಾಗಿ ಬರುವ ಉತ್ತರ, 'ಗೊತ್ತಾಯ್ತು ಮಾರಾಯಾ, ಫೋನಿಡು, ಲೈನಲ್ಲಿ ಇನ್ನೂ ನಾಲ್ಕು ಜನ ಇದ್ದಾರೆ.'